ತೋರಿಸುವ ಮೊದಲು ಅರ್ಜಿ ಹಾಕಿ

ರುದ್ರಪಟ್ಟಣದ ಹಿರಿಯರೇ, ತಾಯಂದಿರೇ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಬಂಧುಗಳೇ, ಓದುವ ಮಕ್ಕಳೇ,

ಕಾವೇರಿ ದಡದ ನಮ್ಮೂರನ್ನು ನಾಡು ಗುರುತಿಸುವುದು ಸಂಗೀತದಿಂದ. 1920ರಲ್ಲಿ ಇಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್, ಜೋಡಿಯಾಗಿ ಹಾಡಿ ಹೆಸರಾದ ರುದ್ರಪಟ್ಟಣ ಸಹೋದರರು, ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ಎದ್ದುನಿಂತ ತಂಬೂರಿ ಆಕಾರದ ಸಪ್ತಸ್ವರ ಮಂದಿರ, ಇವೆಲ್ಲ ನಿಮಗೆ ಗೊತ್ತಿರುವ ವಿಷಯ. ಇಂಥ ಊರಿನಿಂದ ಪೇಟೆಂಟ್ ಬಗ್ಗೆ ಒಂದು ಮನವಿ ಹೊರಡುವುದು ವಿಚಿತ್ರವೆನಿಸಬಹುದು. ಆದರೆ ಅದಕ್ಕೆ ಕಾರಣ ಸಂಗೀತ ಕಲಿಯುವ ಪ್ರತಿ ಮನೆಯಲ್ಲೂ ಇದೆ. ಮಕ್ಕಳು ಬೆಳಿಗ್ಗೆ ಸರಳೆ ವರಸೆಗೆ ಕೂರುವ ಮುನ್ನ ಸ್ವಿಚ್ ಒತ್ತುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೇ ಅದು.

ಅದು ಜಪಾನಿನಿಂದಲೋ ಅಮೆರಿಕದಿಂದಲೋ ಬಂದದ್ದಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲು ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಅದನ್ನು ರೂಪಿಸಿದರು. ಮುಂದೆ ಅವರ ರಾಡೆಲ್ ಸಂಸ್ಥೆಯಿಂದ ಎಲೆಕ್ಟ್ರಾನಿಕ್ ತಂಬೂರಿ, ತಬಲಾ, ಡಿಜಿಟಲ್ ವೀಣೆ ಬಂದವು. ಮರದ ತಂಬೂರಿ ಕೊಳ್ಳುವ ಶಕ್ತಿಯಿಲ್ಲದ ಮನೆಯ ಮಗುವಿಗೆ, ಹಿಂದೆ ಕುಳಿತು ತಂಬೂರಿ ಮೀಟಲು ಯಾರೂ ಇಲ್ಲದ ವಿದ್ಯಾರ್ಥಿಗೆ ಅದು ದೊಡ್ಡ ಆಸರೆಯಾಯಿತು. ಬೇರೆ ತಯಾರಕರೂ ಕಣಕ್ಕಿಳಿದರು. ಪೈಪೋಟಿಯಿಂದ ಪೆಟ್ಟಿಗೆ ಚಿಕ್ಕದಾಯಿತು, ನಾದ ಸುಧಾರಿಸಿತು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸೇರಿಸುವ ಜೀವದ ದಾರದಿಂದ ಹುಟ್ಟುವ ಝೇಂಕಾರವನ್ನು ಹಿಡಿಯಲು, ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿ ಚಿಪ್ಪಿಗೆ ಸೇರಿಸುವ ಕಾಲ ಬಂತು. ಈಗ ಅದೇ ನಾದ ಮೊಬೈಲ್ ಆ್ಯಪ್‌ನಲ್ಲಿ ಕಾಸು ಕೊಡದೆಯೂ ಸಿಗುತ್ತದೆ.

ಈ ಒಂದು ಪೆಟ್ಟಿಗೆಯ ಕಥೆಯಲ್ಲೇ ಹೊಸ ವಸ್ತುಗಳ ಜಗತ್ತಿನ ನಿಯಮವಿದೆ. ಮೊದಲು ಮಾಡಿದವರ ಶ್ರಮಕ್ಕೆ ಕಾವಲು ಬೇಕು, ಆಮೇಲೆ ಬಂದವರಿಗೆ ದಾರಿ ತೆರೆದಿರಬೇಕು. ಕಾವಲಿಲ್ಲದಿದ್ದರೆ ಯಾರೂ ವರ್ಷಗಟ್ಟಲೆ ಬೆವರು ಸುರಿಸಲಾರರು. ದಾರಿ ಮುಚ್ಚಿದರೆ ಬೆಲೆ ಇಳಿಯದು, ಗುಣ ಏರದು. ಇವೆರಡಕ್ಕೂ ಕಾನೂನು ಇದೆ. ನಮ್ಮ ಸೀಮೆಯ ಜಾಣ ಕೈಗಳಿಗೆ ಆ ಕಾನೂನಿನ ಪರಿಚಯ ಇಲ್ಲ ಎನ್ನುವುದೇ ನನ್ನ ಸಂಕಟ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಏನನ್ನಾದರೂ ಮಾಡಿದ್ದರೆ ದಯವಿಟ್ಟು ಅದನ್ನು ಜನರ ಮುಂದೆ ತೋರಿಸುವ ಮೊದಲು ಪೇಟೆಂಟ್ ಅರ್ಜಿ ಹಾಕಿ.

ಇದರ ಬೆಲೆ ಎಷ್ಟೆಂಬುದನ್ನು ಜಗತ್ತಿನ ಅತಿ ದೊಡ್ಡ ಕಂಪನಿಯೊಂದು ಅನುಭವಿಸಿ ತಿಳಿದುಕೊಂಡಿತು. 2007ರ ಜನವರಿಯಲ್ಲಿ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಮೊದಲ ಐಫೋನ್ ತೋರಿಸಿದರು. ಬೆರಳಿನಿಂದ ಚಿತ್ರವನ್ನು ಅಂಚಿನಾಚೆ ಎಳೆದರೆ ಅದು ಮತ್ತೆ ಜಾಗಕ್ಕೆ ಪುಟಿದು ಬರುವುದನ್ನು ಇಡೀ ಲೋಕ ಕಂಡಿತು. ಆ ಚಳಕದ ಪೇಟೆಂಟ್ ಅರ್ಜಿಗೆ ಸಿಕ್ಕ ದಿನಾಂಕ ಅದಕ್ಕಿಂತ ಕೆಲವು ತಿಂಗಳು ಈಚಿನದು. 2013ರಲ್ಲಿ ಜರ್ಮನಿಯ ಪೇಟೆಂಟ್ ನ್ಯಾಯಾಲಯ ಆ ಪೇಟೆಂಟನ್ನು ರದ್ದು ಮಾಡಿತು. ಅದಕ್ಕೆ ಸಾಕ್ಷಿಯಾದದ್ದು ಜಾಬ್ಸ್ ಅವರದೇ ವೇದಿಕೆಯ ವಿಡಿಯೊ. ಮೊದಲೇ ಲೋಕಕ್ಕೆ ತೋರಿಸಿದ್ದು ಹೊಸದಲ್ಲ ಎಂದು ಯುರೋಪಿನ ಕಾನೂನು ಹೇಳುತ್ತದೆ. ಕಂಪನಿಯಲ್ಲಿ ವಕೀಲರ ಪಡೆಯೇ ಇತ್ತು. ಆದರೂ ತೋರಿಸಿದ ದಿನ ಮೊದಲು, ಅರ್ಜಿಯ ದಿನ ಆಮೇಲೆ ಆದದ್ದರಿಂದ ಹಕ್ಕು ಹೋಯಿತು.

ಭಾರತದ 1970ರ ಪೇಟೆಂಟ್ ಕಾಯ್ದೆಯೂ ಹೆಚ್ಚುಕಡಿಮೆ ಇಷ್ಟೇ ಕಟ್ಟುನಿಟ್ಟು. ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನದಲ್ಲಿ ಇಟ್ಟಿದ್ದರೆ, ಅಥವಾ ವಿದ್ವತ್ ಸಂಸ್ಥೆಯ ಮುಂದೆ ಪ್ರಬಂಧ ಓದಿದ್ದರೆ 12 ತಿಂಗಳ ರಿಯಾಯಿತಿ ಉಂಟು. ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ, ಕೃಷಿ ಮೇಳದ ಮಳಿಗೆಗೆ, ವಾಟ್ಸ್ಆ್ಯಪ್ ವಿಡಿಯೊಗೆ ಅಂಥ ರಿಯಾಯಿತಿ ತಾನಾಗಿ ಸಿಗುವುದಿಲ್ಲ.

ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ತಾಲ್ಲೂಕುಗಳ ಪಾಲಿಟೆಕ್ನಿಕ್, ಐಟಿಐಗಳವರೆಗೆ ಪ್ರತಿ ವರ್ಷ ಕೊನೆಯ ಸೆಮಿಸ್ಟರ್‌ನಲ್ಲಿ ಮಕ್ಕಳು ಹೊಸ ಉಪಕರಣ ಮಾಡುತ್ತಾರೆ. ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ ಸುಲಿಯುವುದು ಹೇಗೆ, ಹಾಸನದ ಹೊಲದಲ್ಲಿ ಆಲೂಗೆಡ್ಡೆಗೆ ಗಾಯವಾಗದಂತೆ ಕೀಳುವುದು ಹೇಗೆ, ರಾಮನಾಥಪುರದ ಸುತ್ತ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಶಾಖ ಏರಿದರೆ ರೈತನ ಮೊಬೈಲಿಗೆ ಕರೆ ಹೋಗುವುದು ಹೇಗೆ, ಇಂಥ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಮನೆಯಲ್ಲೇ ಸಿಗುತ್ತವೆ. ಉತ್ತರ ಹೊಳೆದ ದಿನವೇ ವಿಡಿಯೊ ಹೊರಬೀಳುತ್ತದೆ. ನಾಲ್ಕು ಜನ ಚಪ್ಪಾಳೆ ತಟ್ಟುತ್ತಾರೆ, ಪ್ರಮಾಣಪತ್ರ ಸಿಗುತ್ತದೆ, ಮಾಡಿದ ವಸ್ತು ಪ್ರಯೋಗಾಲಯದ ಮೂಲೆ ಸೇರುತ್ತದೆ. ನಾಳೆ ಯಾರೋ ಅದನ್ನೇ ಮಾಡಿ ಮಾರಿದರೆ ಕೇಳುವ ಹಕ್ಕು ನಮ್ಮ ಹುಡುಗನಿಗೆ, ಹುಡುಗಿಗೆ ಉಳಿದಿರುವುದಿಲ್ಲ.

ಪೇಟೆಂಟ್ ಎಂದರೆ ಲಕ್ಷಗಟ್ಟಲೆ ಖರ್ಚು ಎಂಬ ಭಯ ಬೇಡ. ಕಾಯ್ದೆಯಲ್ಲಿ ತಾತ್ಕಾಲಿಕ ವಿವರಣೆಯ ಅರ್ಜಿ ಎಂಬ ಸೌಲಭ್ಯವಿದೆ. ನಿಮ್ಮ ಉಪಾಯ ಏನು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಬರೆದು, ಬೇಕಿದ್ದರೆ ಚಿತ್ರ ಸೇರಿಸಿ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ ಅರ್ಜಿ ಶುಲ್ಕ 1,600 ರೂಪಾಯಿ. ಅಂದಿನಿಂದಲೇ ನಿಮಗೆ ಒಂದು ದಿನಾಂಕ ಸಿಗುತ್ತದೆ. ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳ ಕಾಲಾವಕಾಶವಿದೆ. ಆ ವರ್ಷದಲ್ಲಿ ಉಪಕರಣವನ್ನು ಸುಧಾರಿಸಿ, ಕೊಳ್ಳುವವರಿದ್ದಾರೆಯೇ ನೋಡಿ, ಮುಂದುವರಿಯಬೇಕೋ ಬೇಡವೋ ತೀರ್ಮಾನಿಸಬಹುದು. ಮುಂದುವರಿದರೆ ಪರೀಕ್ಷೆಯ ಕೋರಿಕೆಗೆ ವ್ಯಕ್ತಿಗಳಿಗೆ 4,000 ರೂಪಾಯಿ. ಪೇಟೆಂಟ್ ಸಿಕ್ಕರೆ, ನವೀಕರಣ ಶುಲ್ಕ ಕಟ್ಟುತ್ತ ಹೋದಷ್ಟು ಕಾಲ, ಅರ್ಜಿಯ ದಿನದಿಂದ 20 ವರ್ಷದವರೆಗೆ ಹಕ್ಕು ನಿಮ್ಮದು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಆನ್‌ಲೈನ್ ಇರುವುದರಿಂದ ಚೆನ್ನೈಗೆ ಓಡಬೇಕಾಗಿಲ್ಲ.

ಸಹಾಯಕ್ಕೂ ಬಾಗಿಲುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಅದೇ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಹಣ ಕೊಡುತ್ತದೆ. ಮಾನ್ಯತೆ ಪಡೆದ ಸ್ಟಾರ್ಟಪ್‌ಗಳ ಪರವಾಗಿ ಅರ್ಜಿ ಬರೆಯುವವರ ಶುಲ್ಕವನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2016ರಲ್ಲಿ ಶುರುವಾಯಿತು. ಕಾಲೇಜು ಮೆಟ್ಟಿಲು ಹತ್ತದ ಕುಶಲಕರ್ಮಿಗಳ, ರೈತರ ಹೊಸ ಉಪಾಯಗಳನ್ನು ಗುರುತಿಸಿ ಪೇಟೆಂಟ್ ಕೊಡಿಸಲೆಂದೇ 2000ದಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಗುಜರಾತಿನಲ್ಲಿ ಹುಟ್ಟಿಕೊಂಡಿತು. ನಮ್ಮ ವೆಲ್ಡಿಂಗ್ ಶಾಪಿನ ಅಣ್ಣಂದಿರು ಅದಕ್ಕೆ ಬರೆಯಬೇಕು.

ಎಲ್ಲಕ್ಕೂ ಪೇಟೆಂಟ್ ಸಿಗುವುದಿಲ್ಲ ಎಂಬುದೂ ತಿಳಿದಿರಲಿ. ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಸಿಗದು. ತಲೆತಲಾಂತರದಿಂದ ಬಂದ ಜ್ಞಾನಕ್ಕೆ ಸಿಗದು. ತಂಬೂರಿಯ ಜೀವದ ದಾರವನ್ನು ನನ್ನ ಆವಿಷ್ಕಾರವೆಂದು ಯಾರೂ ಬರೆಸಿಕೊಳ್ಳಲಾಗದು. ವಸ್ತುವಿನ ಹೊರರೂಪವಷ್ಟೇ ಹೊಸದಾಗಿದ್ದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿ 10 ವರ್ಷ, ಮತ್ತೆ 5 ವರ್ಷ ರಕ್ಷಣೆ ಪಡೆಯಬಹುದು. ಅದಕ್ಕೂ ತೋರಿಸುವ ಮೊದಲೇ ಅರ್ಜಿ ಹಾಕಬೇಕು.

ಅರ್ಜಿ ಹಾಕಿದರೆ ಕೆಲಸ ಮುಗಿಯಿತೆಂದು ಭಾವಿಸಬೇಡಿ. ಬೆಂಗಳೂರಿನ ಸಿಂಪ್ಯೂಟರ್ ನೆನಪಿರಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಸಂಸ್ಥೆಯ ಎಂಜಿನಿಯರ್‌ಗಳು ಸೇರಿ ಸಾಮಾನ್ಯರ ಕೈಗೆಂದು ರೂಪಿಸಿದ ಪುಟ್ಟ ಕಂಪ್ಯೂಟರ್ ಅದು. ವಿನ್ಯಾಸವನ್ನು ಮುಚ್ಚಿಡದೆ ಷರತ್ತಿನ ಪರವಾನಗಿಯಡಿ ಇತರರಿಗೂ ತೆರೆದಿಟ್ಟರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿದಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಕೈಯಲ್ಲಿ ಹಿಡಿದು ಅಲುಗಿಸಿದರೆ ಅದು ಅರಿತು ಪ್ರತಿಕ್ರಿಯಿಸುತ್ತಿತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲೇ! ಆದರೂ ಅದು ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಬುದ್ಧಿಯ ಕೊರತೆ ಅಲ್ಲಿರಲಿಲ್ಲ. ದೊಡ್ಡ ಪ್ರಮಾಣದ ಬೇಡಿಕೆ ಬರಲಿಲ್ಲ, ಬೇಡಿಕೆಯಿಲ್ಲದೆ ಬೆಲೆಯೂ ಇಳಿಯಲಿಲ್ಲ. ಮೊದಲಿಗರನ್ನು ಉಳಿಸುವುದು ಮೊದಲ ಗಿರಾಕಿಗಳು. ಅದಕ್ಕಾಗಿ ಕೊಳ್ಳುವವರಿಗೂ ಈ ಮನವಿ ಸಲ್ಲುತ್ತದೆ. ನಮ್ಮ ಶಾಲೆಗಳು, ಸಹಕಾರ ಸಂಘಗಳು, ಪಂಚಾಯಿತಿಗಳು ಉಪಕರಣ ಕೊಳ್ಳುವಾಗ ನಮ್ಮ ಸೀಮೆಯಲ್ಲಿ ಮಾಡಿದ್ದು ಗುಣದಲ್ಲಿ ಸಮವಾಗಿದ್ದರೆ ಅದನ್ನು ಕೊಳ್ಳಲಿ. ಅಸಲಿ ತಯಾರಕರ ಹೆಸರನ್ನೇ ಅಂಟಿಸಿಕೊಂಡ ನಕಲನ್ನು ಅಗ್ಗವೆಂದು ತರುವುದು ಬೇಡ.

ಇನ್ನೊಂದು ಮುಖವನ್ನೂ ಮರೆಯಬಾರದು. ಪೇಟೆಂಟ್ ಬಲಶಾಲಿಗಳ ಕೈಯಲ್ಲಿ ಅಡ್ಡಗೋಡೆಯೂ ಆಗಬಲ್ಲದು. ಆ್ಯಪಲ್ ಮತ್ತು ಸ್ಯಾಮ್‌ಸಂಗ್ 2011ರಿಂದ 2018ರವರೆಗೆ ಅಮೆರಿಕದ ನ್ಯಾಯಾಲಯದಲ್ಲಿ ಕಾದಾಡಿದವು. ನಮ್ಮ ದೇಶದಲ್ಲಿ 2013ರಲ್ಲಿ ಎರಿಕ್ಸನ್ ಕಂಪನಿ ಮೈಕ್ರೋಮ್ಯಾಕ್ಸ್ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು. ಮೊಬೈಲ್ ಸಂಪರ್ಕಕ್ಕೆ ಬೇಕೇ ಬೇಕಾದ ತಂತ್ರಕ್ಕೆ ರಾಯಧನ ಎಷ್ಟು ಎಂಬುದು ಅಲ್ಲಿನ ಜಗಳ. ರಾಯಧನ ಅತಿಯಾಯಿತೆಂದು ಮೈಕ್ರೋಮ್ಯಾಕ್ಸ್ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು, ಆಯೋಗ ತನಿಖೆಗೆ ಆದೇಶಿಸಿತು. 2023ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಪೇಟೆಂಟ್ ಹಕ್ಕಿನ ಬಳಕೆಯ ಇಂಥ ವಿಚಾರಕ್ಕೆ ಪೇಟೆಂಟ್ ಕಾಯ್ದೆಯೇ ಅನ್ವಯ, ಆಯೋಗ ತನಿಖೆ ನಡೆಸುವಂತಿಲ್ಲ ಎಂದು ತೀರ್ಪಿತ್ತಿತು. ನಾವು ಕೊಡುವ ಫೋನಿನ ಬೆಲೆಯೊಳಗೆ ಈ ರಾಯಧನವೂ ಸೇರಿರುತ್ತದೆ. ಆದ್ದರಿಂದ ಪೇಟೆಂಟ್ ಕಾಯ್ದೆ ಸಾಮಾನ್ಯರಿಗೆ ಕೊಟ್ಟಿರುವ ಅಧಿಕಾರ ನಮಗೆ ಗೊತ್ತಿರಲೇಬೇಕು.

ಆ ಅಧಿಕಾರ ಸಣ್ಣದಲ್ಲ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುನ್ನ, ಇದು ಹೊಸದಲ್ಲ ಎಂದು ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನಮ್ಮ ನಾಡಿನ ವೀಣೆ ಕೆಲಸದವರ ಹಳೆಯ ತಂತ್ರವನ್ನು ಯಾರಾದರೂ ತಮ್ಮದೆಂದು ಬರೆಸಿಕೊಳ್ಳಲು ಹೊರಟರೆ ತಡೆಯುವ ದಾರಿ ಅದು. ಪೇಟೆಂಟ್ ಕೊಟ್ಟು ಮೂರು ವರ್ಷವಾದರೂ ಜನರಿಗೆ ಕೈಗೆಟುಕುವ ಬೆಲೆಯಲ್ಲಿ ವಸ್ತು ಸಿಗದಿದ್ದರೆ ಬೇರೆ ತಯಾರಕರಿಗೆ ಕಡ್ಡಾಯ ಪರವಾನಗಿ ಕೊಡಬಹುದು. 2012ರಲ್ಲಿ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧದ ವಿಷಯದಲ್ಲಿ ಹಾಗೇ ಆಯಿತು. ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇದ್ದ ಔಷಧವನ್ನು 8,880 ರೂಪಾಯಿ ಮೀರದಂತೆ ಮಾರಲು ನ್ಯಾಟ್ಕೊ ಕಂಪನಿಗೆ ಅನುಮತಿ ಸಿಕ್ಕಿತು.

ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಲಾಭವೊಂದಿದೆ. ಪೇಟೆಂಟ್ ಪಡೆದವರು ತಮ್ಮ ಗುಟ್ಟನ್ನು ಪೂರ್ತಿ ಬರೆದು ಕೊಡಬೇಕು, ಆ ಬರಹವನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಪ್ರಯೋಗಕ್ಕೆ, ಸಂಶೋಧನೆಗೆ, ಪಾಠಕ್ಕೆ ಬಳಸಿದರೆ ತಪ್ಪಾಗುವುದಿಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಅವಧಿ ಮುಗಿದ ಪೇಟೆಂಟ್ ಎಲ್ಲರ ಸೊತ್ತು. ಒಂದು ದೇಶದ ಪೇಟೆಂಟ್ ಆ ದೇಶಕ್ಕಷ್ಟೇ ಸೀಮಿತ, ಅಮೆರಿಕದಲ್ಲಿ ಪೇಟೆಂಟ್ ಇದ್ದು ಭಾರತದಲ್ಲಿ ಇಲ್ಲದ ತಂತ್ರವನ್ನು ಇಲ್ಲಿ ತಯಾರಿಸಿ ಇಲ್ಲೇ ಮಾರಬಹುದು. ಪ್ರಾಜೆಕ್ಟ್ ಆರಿಸಿಕೊಳ್ಳುವ ಮೊದಲು ಈ ಭಂಡಾರವನ್ನು ಹುಡುಕಿದರೆ ಮಾಡಿದ್ದನ್ನೇ ಮತ್ತೆ ಮಾಡುವ ಶ್ರಮ ತಪ್ಪುತ್ತದೆ, ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ಕಾಣುತ್ತದೆ.

ಆದ್ದರಿಂದ ಒಬ್ಬೊಬ್ಬರಲ್ಲೂ ನನ್ನ ಕೋರಿಕೆ ಇಷ್ಟು.

ಪ್ರಾಂಶುಪಾಲರೇ, ಅಧ್ಯಾಪಕರೇ, ಪ್ರಾಜೆಕ್ಟ್ ಪ್ರದರ್ಶನಕ್ಕೆ ಒಂದು ತಿಂಗಳು ಮೊದಲು ಪ್ರತಿ ತಂಡವನ್ನೂ ಕೂರಿಸಿಕೊಂಡು, ಇದರಲ್ಲಿ ಹೊಸದೇನು ಎಂದು ಕೇಳಿ. ಹೊಸದಿದ್ದರೆ ಅರ್ಜಿ ಹಾಕಿಸಿ, ಶುಲ್ಕವನ್ನು ಕಾಲೇಜೇ ಕಟ್ಟಲಿ. ಹಕ್ಕಿನಲ್ಲಿ ವಿದ್ಯಾರ್ಥಿಯ ಪಾಲೆಷ್ಟು, ಕಾಲೇಜಿನ ಪಾಲೆಷ್ಟು ಎಂಬುದನ್ನು ಮೊದಲೇ ಬರೆದಿಡಿ. ಆವಿಷ್ಕಾರಕರ ಪಟ್ಟಿಯಲ್ಲಿ ಕೆಲಸ ಮಾಡಿದ ಮಕ್ಕಳ ಹೆಸರು ಬಿಡಬೇಡಿ.

ಗ್ರಾಮ ಪಂಚಾಯಿತಿ ಸದಸ್ಯರೇ, ನಮ್ಮ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿನ ಕಂಪ್ಯೂಟರಿನಲ್ಲಿ ಪೇಟೆಂಟ್ ಹುಡುಕುವುದನ್ನು, ಅರ್ಜಿ ತುಂಬುವುದನ್ನು ಹೇಳಿಕೊಡುವ ಶಿಬಿರವನ್ನು ವರ್ಷಕ್ಕೊಮ್ಮೆಯಾದರೂ ನಡೆಸಿ.

ಹೊರಗಿರುವ ನಮ್ಮೂರಿನ ಎಂಜಿನಿಯರ್‌ಗಳೇ, ವಕೀಲರೇ, ಸಂಗೀತೋತ್ಸವಕ್ಕೆ ಊರಿಗೆ ಬಂದಾಗ ಅರ್ಧ ದಿನವನ್ನು ಈ ಮಕ್ಕಳಿಗೆ ಕೊಡಿ. ಅರ್ಜಿಯ ಇಂಗ್ಲಿಷ್ ತಿದ್ದಿಕೊಡುವುದೂ ದೊಡ್ಡ ಉಪಕಾರ.

ಅಪ್ಪ ಅಮ್ಮಂದಿರೇ, ಮಗ ಮಾಡಿದ್ದನ್ನು, ಮಗಳು ಮಾಡಿದ್ದನ್ನು ಊರಿಗೆಲ್ಲ ತೋರಿಸುವ ಆಸೆ ಸಹಜ. ಅರ್ಜಿ ಸಂಖ್ಯೆ ಬರುವವರೆಗೆ ಮಾತ್ರ ತಡೆದುಕೊಳ್ಳಿ.

ಓದುವ ಮಕ್ಕಳೇ, ಇಂದೇ ಒಂದು ನೋಟ್ ಪುಸ್ತಕ ಇಟ್ಟು, ಹೊಳೆದದ್ದನ್ನು ತಾರೀಖು ಹಾಕಿ ಬರೆಯಿರಿ, ಚಿತ್ರ ಬಿಡಿಸಿ. ಈ ವರ್ಷದ ಪ್ರದರ್ಶನಕ್ಕೆ ಮುನ್ನ ನಿಮ್ಮ ತಂಡದ ಅರ್ಜಿ ಹೋಗಲಿ. 1,600 ರೂಪಾಯಿಯ ಕಾರಣಕ್ಕೆ ನಮ್ಮ ಸೀಮೆಯ ಒಂದು ಒಳ್ಳೆಯ ಉಪಾಯವೂ ಬೇರೆಯವರ ಪಾಲಾಗಬಾರದು. ಅದನ್ನು ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.