ಸೋತ ಆಟಗಳೂ ವಿಮರ್ಶಕನ ಧರ್ಮವೂ

ನಮ್ಮ ಕನ್ನಡದಲ್ಲಿ ಎರಡು ಗಾದೆಗಳುಂಟು. “ಹೆತ್ತವರಿಗೆ ಹೆಗ್ಗಣ ಮುದ್ದು” ಎಂಬುದೊಂದು; “ಹಿತ್ತಲ ಗಿಡ ಮದ್ದಲ್ಲ” ಎಂಬುದು ಇನ್ನೊಂದು. ತನ್ನದೆಂಬ ಕಾರಣಕ್ಕೆ ಕೆಟ್ಟುದನ್ನೂ ಮೆಚ್ಚುವವರನ್ನು ಕುರಿತದ್ದು ಮೊದಲನೆಯದು. ತನ್ನದೆಂಬ ಕಾರಣಕ್ಕೇ ಒಳ್ಳೆಯದನ್ನೂ ಹೀಗಳೆಯುವವರನ್ನು ಕುರಿತದ್ದು ಎರಡನೆಯದು. ಇವು ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಇವುಗಳ ಮೂಲದಲ್ಲಿರುವ ದೋಷವು ಒಂದೇ. ವಸ್ತುವು ಹೇಗಿದೆಯೆಂಬುದನ್ನು ನೋಡದೆ, ಅದು ಯಾರದೆಂಬುದನ್ನು ಮಾತ್ರ ನೋಡಿ ತೀರ್ಪು ಕೊಡುವುದೇ ಆ ದೋಷ. ಈ ದೋಷಕ್ಕೆ ನಾನೂ ಒಮ್ಮೆ ಒಳಗಾದೆನು. ಅದರಿಂದ ನನ್ನ ಮಿತ್ರನೊಬ್ಬನಿಗೆ ನಷ್ಟವಾಯಿತು. ಆದುದರಿಂದಲೇ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಬೇಕೆನಿಸಿತು.

ಮಲ್ಕಾಜ್‌ಗಿರಿಯಲ್ಲಿರುವ ನಮ್ಮ ಮನೆಗೆ ಎರಡು ವರ್ಷಗಳ ಹಿಂದೆ ನನ್ನ ಸೋದರಮಾವನವರು ರಾಯಚೂರಿನಿಂದ ಬಂದಾಗ, ತಾವು ಆಡಿ ಬಿಟ್ಟಿದ್ದ ಪ್ಲೇಸ್ಟೇಷನ್ 2 ಎಂಬ ಹಳೆಯ ಯಂತ್ರವನ್ನು ನನಗೆ ಕೊಟ್ಟುಹೋದರು. ಟಿ.ವಿ.ಗೆ ಜೋಡಿಸಿ ವಿಡಿಯೋ ಆಟಗಳನ್ನಾಡುವ ಇಂತಹ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. 2000ದಲ್ಲಿ ಜಪಾನಿನಲ್ಲಿ ಹೊರಬಂದ ಈ ಯಂತ್ರವು ಪ್ರಪಂಚದಲ್ಲೆಲ್ಲ 15 ಕೋಟಿಗೂ ಮಿಕ್ಕಿ ಮಾರಾಟವಾಗಿರುವುದು. ದಸರೆಯಲ್ಲಿ ಹಿರಿಯರು ಕೊಟ್ಟ ಹಣವನ್ನು ಕೂಡಿಟ್ಟು, ಹಳೆಯ ಸಾಮಾನುಗಳ ಅಂಗಡಿಯೊಂದರಲ್ಲಿ ನಾನು ಒಂದು ಆಟದ ಡಿಸ್ಕನ್ನು ಕೊಂಡೆನು. ನಮ್ಮ ದೇಶದಲ್ಲಿಯೇ ತಯಾರಾದುದೆಂದು ಅದರ ಮೇಲೆ ಅಚ್ಚಾಗಿದ್ದುದೇ ನನಗೆ ಹೆಮ್ಮೆಯ ವಿಷಯವಾಗಿತ್ತು. ಆದರೆ ಆಡಿ ನೋಡಿದಾಗ ನಿರಾಶೆಯೇ ಫಲವಾಯಿತು. ಗುಂಡಿಯನ್ನು ಒತ್ತಿದ ಎಷ್ಟೋ ಹೊತ್ತಿಗೆ ನಾಯಕನು ಕೈಯೆತ್ತುವನು. ಗೋಡೆಯೊಳಗೆ ಅರ್ಧ ಹೂತು ನಿಲ್ಲುವನು. ನೋಟವು ತಾನಾಗಿ ತಿರುಗಿ ಶತ್ರುವನ್ನು ಮರೆಮಾಡುವುದು. ಎರಡು ಗಂಟೆಗಳಲ್ಲಿ ಆಟವನ್ನು ಕಟ್ಟಿಟ್ಟೆನು.

ಇಷ್ಟಾದರೂ ನಮ್ಮ ತರಗತಿಯ ಕೈಬರಹದ ಪತ್ರಿಕೆಯಲ್ಲಿ ಆ ಆಟವನ್ನು ಹೊಗಳಿ ಒಂದು ಪುಟ ಬರೆದೆನು. ಹಣವನ್ನು ಕಳೆದುಕೊಂಡೆನೆಂದು ಒಪ್ಪಿಕೊಳ್ಳುವುದಕ್ಕೆ ನಾಚಿಕೆ ಒಂದು ಕಡೆ. ನಮ್ಮವರು ಮಾಡಿದುದನ್ನು ನಾವೇ ಹಳಿಯಬಾರದೆಂಬ ಭಾವನೆ ಇನ್ನೊಂದು ಕಡೆ. ನನ್ನ ಮಾತನ್ನು ನಂಬಿದ ಸಹಪಾಠಿಯೊಬ್ಬನು ಅದೇ ಆಟವನ್ನು ಹುಡುಕಿ ಕೊಂಡನು. ಅವನ ಮನೆಯಲ್ಲಿ ಆಟಕ್ಕೆಂದು ಹಣ ಕೊಡುವವರಿರಲಿಲ್ಲ. ಬಸ್ಸಿನ ಹಣವನ್ನು ಉಳಿಸಲು ಅವನು ಎಷ್ಟೋ ದಿನಗಳ ಕಾಲ ನಡೆದೇ ಶಾಲೆಗೆ ಬಂದಿದ್ದನು. ಒಂದು ವಾರದ ಮೇಲೆ ಅವನು ನನ್ನನ್ನು ಬೈಯಲಿಲ್ಲ. “ನೀನು ಮೊದಲೇ ಆಡಿ ನೋಡಿದ್ದೆಯಲ್ಲವೇ?” ಎಂದು ಮಾತ್ರ ಕೇಳಿದನು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ವಿಮರ್ಶೆಯೆಂಬುದು ಯಾರಿಗಾಗಿ ಎಂಬುದು ಆ ದಿನ ನನಗೆ ತಿಳಿಯಿತು. ಆಟವನ್ನು ಮಾಡಿದವನನ್ನು ಸಂತೋಷಪಡಿಸುವುದಕ್ಕೂ, ಬರೆಯುವವನು ತನ್ನ ಜಾಣತನವನ್ನು ಮೆರೆಯುವುದಕ್ಕೂ ಅದು ಹುಟ್ಟಿದುದಲ್ಲ. ವರ್ಷಕ್ಕೆ ಒಂದೇ ಒಂದು ಆಟವನ್ನು ಕೊಳ್ಳಬಲ್ಲ ಹುಡುಗನಿಗೆ ಅದು ಸಲ್ಲಬೇಕಾದ ಸೇವೆ. ಧನವಂತರ ಮಕ್ಕಳಿಗೆ ಒಂದು ಆಟ ಹಾಳಾದರೆ ಇನ್ನೊಂದುಂಟು. ಬಡವನು ಮಾತ್ರ ಒಂದೇ ಡಿಸ್ಕನ್ನು ವರ್ಷವೆಲ್ಲ ನೋಡುತ್ತ ಕೂಡಬೇಕು. ಅಲ್ಲದೆ ಕಡಿಮೆ ಬೆಲೆಯ ಆಟಗಳನ್ನು ಹೆಚ್ಚಾಗಿ ಕೊಳ್ಳುವವರೂ ಇಂತಹವರೇ. ಆದುದರಿಂದ ಅಗ್ಗದ ಆಟಕ್ಕೆ ಮೃದುವಾದ ವಿಮರ್ಶೆ ಸಾಕೆಂಬ ಮಾತನ್ನು ನಾನು ಒಪ್ಪಲಾರೆನು. ಅಗ್ಗದ ವಸ್ತುವನ್ನೇ ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕು.

ಈ ಪ್ರಶ್ನೆಯು ನಮ್ಮ ನಗರಕ್ಕೆ ಹೊಸದಲ್ಲ. ಸಂಪೂರ್ಣವಾಗಿ ಭಾರತದಲ್ಲಿಯೇ ರಚಿತವಾದ ಮೊದಲ ಕನ್ಸೋಲ್ ಆಟವೆಂದು ಪ್ರಚಾರ ಪಡೆದ “ಹನುಮಾನ್: ಬಾಯ್ ವಾರಿಯರ್” ಎಂಬುದು ಹುಟ್ಟಿದುದು ಹೈದರಾಬಾದಿನಲ್ಲಿ. ಇಲ್ಲಿಯ ಔರೋನಾ ಟೆಕ್ನಾಲಜೀಸ್ ಎಂಬ ಸಂಸ್ಥೆಯು ಅದನ್ನು ನಿರ್ಮಿಸಿತು. ಸೋನಿ ಕಂಪನಿಯು 2009ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಪ್ರಕಟಿಸಿತು. ಬಾಲ ಹನುಮಂತನನ್ನು ಆಟಗಾರನೇ ನಡೆಸುತ್ತ ಸಾಹಸಗಳನ್ನು ಮಾಡುವುದು ಅದರ ವಸ್ತು. ವಿದೇಶದಿಂದ ಬರುತ್ತಿದ್ದ ಹೊಸ ಆಟಗಳಿಗಿಂತ ಅದರ ಬೆಲೆ ಕಡಿಮೆಯಾಗಿತ್ತು. ಅದೇ ವರ್ಷ ಇದೇ ನಗರದ ಗೇಮ್‌ಶಾಸ್ತ್ರ ಎಂಬ ಸಂಸ್ಥೆಯು ನಮ್ಮ ಕಬಡ್ಡಿ, ಚಿನ್ನಿದಾಂಡು, ಗಾಳಿಪಟ ಮುಂತಾದವುಗಳನ್ನು ಒಳಗೊಂಡ “ದೇಸಿ ಅಡ್ಡಾ” ಎಂಬ ಆಟವನ್ನೂ ಸಿದ್ಧಗೊಳಿಸಿತು.

ಹನುಮಂತನ ಆಟಕ್ಕೆ ದೊರೆತ ಸ್ವಾಗತವು ಸುಖಕರವಾಗಿರಲಿಲ್ಲ. ಅದರ ಚಿತ್ರಗಳೂ ನಿಯಂತ್ರಣವೂ ಕಾಲಕ್ಕೆ ತಕ್ಕಂತಿಲ್ಲವೆಂದು ವಿಮರ್ಶಕರು ನಿರಾಶೆಯನ್ನೇ ವ್ಯಕ್ತಪಡಿಸಿದರು. ಅಮೆರಿಕದಲ್ಲಿರುವ ರಾಜನ್ ಝೆದ್ ಎಂಬವರಂತೂ ದೇವರನ್ನು ಗುಂಡಿಗಳಿಂದ ಕುಣಿಸುವುದು ತಕ್ಕುದಲ್ಲ, ಆಟವನ್ನು ಹಿಂತೆಗೆಯಬೇಕೆಂದು ಆಕ್ಷೇಪಿಸಿದರು. ಇವೆರಡು ಬೇರೆ ಬೇರೆ ಪ್ರಶ್ನೆಗಳು. ಭಕ್ತಿಗೆ ಸಲ್ಲುವ ಗೌರವದ ವಿಚಾರ ಒಂದು. ಆಟವು ಆಟವಾಗಿ ಚೆನ್ನಾಗಿದೆಯೇ ಎಂಬ ವಿಚಾರ ಇನ್ನೊಂದು. ಒಂದಕ್ಕೆ ಕೊಟ್ಟ ಉತ್ತರವು ಇನ್ನೊಂದಕ್ಕೆ ಉತ್ತರವಾಗಲಾರದು. ನಾಯಕನು ದೇವರಾದ ಮಾತ್ರಕ್ಕೆ ಆಟವು ಒಳ್ಳೆಯದಾಗುವುದೂ ಇಲ್ಲ, ಕೆಟ್ಟದಾಗುವುದೂ ಇಲ್ಲ.

ಈ ಆಟಗಳು ಏಕೆ ಸೋಲುತ್ತವೆ ಎಂಬುದನ್ನು ತಿಳಿಯುವುದು ವಿಮರ್ಶಕನ ಮೊದಲ ಕರ್ತವ್ಯ. ಪರದೆಯ ಮೇಲೆ ಒಂದು ಕ್ಷಣದಲ್ಲಿ 30 ಅಥವಾ 60 ಚಿತ್ರಗಳು ಒಂದಾದ ಮೇಲೊಂದರಂತೆ ಮೂಡಿ ಮಾಯವಾಗುವುವು. 60 ಚಿತ್ರಗಳಾದರೆ ಒಂದೊಂದನ್ನು ಸಿದ್ಧಪಡಿಸಲು ಯಂತ್ರಕ್ಕೆ ದೊರೆಯುವ ಕಾಲವು ಒಂದು ಕ್ಷಣದ ಅರವತ್ತನೆಯ ಒಂದು ಭಾಗ ಮಾತ್ರ. ಅಷ್ಟರೊಳಗೆ ಲೆಕ್ಕ ಮುಗಿಯದಿದ್ದರೆ ಚಿತ್ರವು ಎಡವುವುದು. ಆಡುವವನ ಕೈಗೆ ಅದು ಆಲಸ್ಯವಾಗಿ ತೋರುವುದು. ಪ್ಲೇಸ್ಟೇಷನ್ 2ರ ಮುಖ್ಯ ನೆನಪಿನ ಸಾಮರ್ಥ್ಯವು 32 ಮೆಗಾಬೈಟ್ ಅಷ್ಟೆ. ಇನ್ನು ಪ್ರತಿಯೊಂದು ದೇಹದ ಸುತ್ತಲೂ ಕಣ್ಣಿಗೆ ಕಾಣದ ಪೆಟ್ಟಿಗೆಗಳನ್ನು ಕಲ್ಪಿಸಿ, ಅವು ತಾಗಿದುವೇ ಇಲ್ಲವೇ ಎಂದು ಯಂತ್ರವು ಲೆಕ್ಕ ಹಾಕುತ್ತಿರಬೇಕು. ಆ ಪೆಟ್ಟಿಗೆಗಳು ಸರಿಯಿಲ್ಲದಿದ್ದರೆ ನಾಯಕನು ಗೋಡೆಯೊಳಗೆ ಹೂಳುವನು. ಇಂತಹ ತಪ್ಪುಗಳನ್ನು ಹುಡುಕಲು ಹಲವರು ಹಲವು ದಿನಗಳವರೆಗೆ ಆಡಿ ಆಡಿ ನೋಡಬೇಕು. ಹಣವೂ ಕಾಲವೂ ಸಾಲದಾದಾಗ ಮೊದಲು ಮೊಟಕಾಗುವುದು ಈ ಪರೀಕ್ಷೆಯ ಕೆಲಸವೇ. ಸೊಗಸಾದ ಹೊದಿಕೆಯ ಚಿತ್ರವನ್ನು ಯಾರೂ ಬಿಡುವುದಿಲ್ಲ. ಅದು ಅಂಗಡಿಯಲ್ಲಿ ಕಾಣುತ್ತದೆ. ಪರೀಕ್ಷೆಯು ಕಾಣುವುದು ಮನೆಗೆ ಹೋದ ಮೇಲೆ.

ಹಣವೊಂದಿದ್ದರೆ ಎಲ್ಲವೂ ಸರಿಹೋಗುವುದೆಂದೂ ತಿಳಿಯಬೇಕಾಗಿಲ್ಲ. 1982ರಲ್ಲಿ ಅಮೆರಿಕದ ಅಟಾರಿ ಕಂಪನಿಯು ಪ್ರಸಿದ್ಧ ಚಲನಚಿತ್ರವಾದ “ಇ.ಟಿ.”ಯ ಹೆಸರನ್ನು ಬಳಸಿಕೊಳ್ಳಲು ಅಪಾರವಾದ ಹಣವನ್ನು ಸುರಿಯಿತು. ಆದರೆ ಕ್ರಿಸ್‌ಮಸ್ ಹಬ್ಬದ ಮಾರಾಟಕ್ಕೆ ತಪ್ಪಬಾರದೆಂದು, ಆಟವನ್ನು ರಚಿಸಲು ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬವರಿಗೆ ದೊರೆತುದು ಸುಮಾರು ಐದು ವಾರಗಳು ಮಾತ್ರ. ಅದೇ ವಾರ್ಷಾ ಹಲವು ತಿಂಗಳು ದುಡಿದು ರಚಿಸಿದ “ಯಾರ್ಸ್ ರಿವೆಂಜ್” ಎಂಬ ಆಟವನ್ನು ಜನರು ಬಹುವಾಗಿ ಮೆಚ್ಚಿದ್ದರು. ಇ.ಟಿ.ಯನ್ನಾದರೋ ಜನರು ತಿರಸ್ಕರಿಸಿದರು; ಮಾರಾಟವಾಗದೆ ಉಳಿದ ಪ್ರತಿಗಳು 1983ರಲ್ಲಿ ನ್ಯೂ ಮೆಕ್ಸಿಕೋ ಪ್ರಾಂತದ ಅಲಮೊಗೋರ್ಡೋ ಊರಿನ ಕಸದ ಗುಂಡಿಯನ್ನು ಸೇರಿದುವು. 2014ರಲ್ಲಿ ಅವುಗಳಲ್ಲಿ ಕೆಲವನ್ನು ಅಗೆದು ತೆಗೆದರು. ಒಬ್ಬನೇ ಕರ್ತನಿಂದ ಒಳ್ಳೆಯದೂ ಕೆಟ್ಟದೂ ಬರಬಹುದಾದುದರಿಂದ, ಕೃತಿಯನ್ನು ಹಳಿಯುವಾಗ ಕರ್ತನನ್ನು ಹಳಿಯಬಾರದೆಂಬುದಕ್ಕೆ ಇದೇ ದೃಷ್ಟಾಂತ.

ಹಣವಿಲ್ಲದವನಿಗೆ ಗೆಲುವೇ ಇಲ್ಲವೆಂಬುದೂ ಸುಳ್ಳು. ಜಪಾನಿನಲ್ಲಿ ಡಿ3 ಪಬ್ಲಿಷರ್ ಎಂಬ ಸಂಸ್ಥೆಯು ಪ್ಲೇಸ್ಟೇಷನ್ 2ಕ್ಕಾಗಿ “ಸಿಂಪಲ್ 2000” ಎಂಬ ಮಾಲೆಯನ್ನು ಪ್ರಕಟಿಸುತ್ತಿದ್ದಿತು. ಒಂದೊಂದು ಆಟದ ಬೆಲೆ 2000 ಯೆನ್. ಇವುಗಳಲ್ಲಿ ಎಷ್ಟೋ ಆಟಗಳು ಮರೆತುಹೋಗಿರುವುವು. ಆದರೆ 2003ರಲ್ಲಿ ಈ ಮಾಲೆಯಲ್ಲಿ ಬಂದ, ಭೂಮಿಯನ್ನು ದೈತ್ಯಾಕಾರದ ಕೀಟಗಳಿಂದ ಕಾಪಾಡುವ ಆಟವೊಂದು ಜನರ ಮನಸ್ಸನ್ನು ಗೆದ್ದಿತು. “ಅರ್ತ್ ಡಿಫೆನ್ಸ್ ಫೋರ್ಸ್” ಎಂಬ ಹೆಸರಿನಿಂದ ಆ ಸರಣಿಯು ಇಂದಿಗೂ ಬೆಳೆಯುತ್ತಲಿದೆ. ಅದರ ಕರ್ತರು ಹತ್ತು ವಿಷಯಗಳಿಗೆ ಆಸೆಪಡಲಿಲ್ಲ. ಬೆಟ್ಟದಂತಹ ಇರುವೆಗಳು, ಬಗೆಬಗೆಯ ಬಂದೂಕುಗಳು, ಉರುಳಿಬೀಳುವ ಕಟ್ಟಡಗಳು—ಇಷ್ಟನ್ನೇ ಹಿಡಿದು, ಇಷ್ಟನ್ನೇ ಚೆನ್ನಾಗಿ ಮಾಡಿದರು. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಇದೇ. ಬಡತನವು ಸೋಲಿಗೆ ಕಾರಣವಾಗಬಹುದು, ನೆಪವಾಗಲಾರದು.

“ಎಳೆಯ ಸಸಿಯನ್ನು ಚಿವುಟಬೇಡಿರಿ, ನಮ್ಮವರು ಈಗ ತಾನೇ ಕಲಿಯುತ್ತಿರುವರು” ಎಂದು ಕೆಲವರು ಹೇಳುವುದುಂಟು. ಈ ಮಾತಿನಲ್ಲಿ ಕರುಣೆಯಿದೆ, ನಿಜ. ಆದರೆ ಡೊಂಕಾಗಿ ಬೆಳೆಯುತ್ತಿರುವ ಸಸಿಯನ್ನು ನೆಟ್ಟಗಿದೆಯೆಂದು ಹೊಗಳಿದರೆ ಅದು ನೆಟ್ಟಗಾಗುವುದೇ? ಅದಕ್ಕೆ ಊರುಗೋಲನ್ನು ಕಟ್ಟಬೇಕು. ಹನುಮಂತನ ಆಟವು ಬಂದ ಹನ್ನೊಂದು ವರ್ಷಗಳ ಮೇಲೆ, 2020ರಲ್ಲಿ, ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ತಂಡವು “ರಾಜಿ” ಎಂಬ ಆಟವನ್ನು ಕನ್ಸೋಲುಗಳಿಗೆ ತಂದಿತು. ದೇಶವಿದೇಶಗಳ ವಿಮರ್ಶಕರು ಅದರ ಚಿತ್ರಕಲೆಯನ್ನೂ ಸಂಗೀತವನ್ನೂ ಮನಸಾರೆ ಮೆಚ್ಚಿದರು. ಕಾಳಗದ ಭಾಗವು ಅಷ್ಟು ಪಳಗಿಲ್ಲವೆಂದೂ, ಕಥೆಯು ತಟ್ಟನೆ ಮುಗಿಯುವುದೆಂದೂ ಹೇಳಿದರು. ಭಾರತದ್ದೆಂದು ಅದಕ್ಕೆ ರಿಯಾಯಿತಿ ತೋರಲಿಲ್ಲ; ಭಾರತದ್ದೆಂದು ತಿರಸ್ಕರಿಸಲೂ ಇಲ್ಲ. ಸಮಾನನೆಂದು ಎಣಿಸಿದವನಿಗೆ ಮಾತ್ರ ಇಂತಹ ವಿಮರ್ಶೆ ಸಿಕ್ಕುವುದು.

ಪ್ರಿಯ ಸಹಪಾಠಿಗಳೇ, ಇದು ಆಟದ ಮಾತು ಮಾತ್ರವಲ್ಲ. ಈ ಮಹಾನಗರದಲ್ಲಿ ಕನ್ನಡದಲ್ಲಿ ಓದುವ ನಾವು ಕೆಲವರೇ. ನಮ್ಮ ಒಂದು ಉತ್ಸವದಲ್ಲಿ ನಾವು ನಾಟಕವಾಡಿದಾಗ, “ಈ ಊರಿನಲ್ಲಿ ಕನ್ನಡದಲ್ಲಿ ಇಷ್ಟಾದರೂ ಮಾಡಿದರಲ್ಲ!” ಎಂದು ಅತಿಥಿಯೊಬ್ಬರು ಹೊಗಳಿದರು. ನಾವು ಉಬ್ಬಿದೆವು. ಮರುದಿನ ನಮ್ಮ ಅಧ್ಯಾಪಕರೊಬ್ಬರು, “ಮೂರನೆಯ ದೃಶ್ಯದಲ್ಲಿ ಹಿಂದಿನ ಸಾಲಿನವರಿಗೆ ಒಂದು ಮಾತೂ ಕೇಳಿಸಲಿಲ್ಲ” ಎಂದರು. ನಮಗೆ ನೋವಾಯಿತು. ಆದರೆ ಮುಂದಿನ ನಾಟಕಕ್ಕೆ ನಾವು ಬಯಲಿನಲ್ಲಿ ದೂರ ನಿಂತು ಮಾತುಗಳನ್ನು ಅಭ್ಯಾಸಮಾಡಿದೆವು. ಇಬ್ಬರಲ್ಲಿ ನಮ್ಮನ್ನು ನಿಜವಾಗಿ ಗೌರವಿಸಿದವರು ಯಾರು? ಕನಿಕರದ ಹೊಗಳಿಕೆಯು ನಮ್ಮಿಂದ ಇದಕ್ಕಿಂತ ಹೆಚ್ಚೇನೂ ಆಗದೆಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಕನ್ನಡಕ್ಕೆ ಈ ವಿವೇಕವು ಹೊಸದೂ ಅಲ್ಲ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು ಒಂಬತ್ತನೆಯ ಶತಮಾನದ “ಕವಿರಾಜಮಾರ್ಗ”. ಅದು ಹುಟ್ಟಿದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ; ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೇ ಸೇರಿದ್ದ ಸ್ಥಳ. ಆ ಗ್ರಂಥದ ಮೊದಲನೆಯ ಪರಿಚ್ಛೇದವೇ ಕಾವ್ಯದ ದೋಷಾದೋಷಗಳ ವಿಚಾರ. ಕನ್ನಡದಲ್ಲಿ ಕವಿಯಾಗಬಯಸುವವನಿಗೆ ತಪ್ಪು ಯಾವುದು, ತಪ್ಪಲ್ಲದ್ದು ಯಾವುದು ಎಂಬುದನ್ನೇ ಅದು ಮೊದಲು ಕಲಿಸಹೊರಟಿತು. ಕನ್ನಡವನ್ನು ಕುರಿತು ಅದಕ್ಕಿದ್ದ ಹೆಮ್ಮೆಗೆ ಇದರಿಂದ ಯಾವ ಕುಂದೂ ಬರಲಿಲ್ಲ.

ಆದುದರಿಂದ ಆಟವನ್ನಾಗಲಿ ಪುಸ್ತಕವನ್ನಾಗಲಿ ವಿಮರ್ಶಿಸುವವರು ಮೊದಲು ಅದನ್ನು ಕೊನೆಯವರೆಗೆ ನೋಡಲಿ. ಕೊನೆಯವರೆಗೆ ನೋಡಲಾಗದಿದ್ದರೆ ಎಲ್ಲಿ ನಿಲ್ಲಿಸಿದೆವೆಂದು ಹೇಳಲಿ. ಬೆಲೆ ಎಷ್ಟು, ಆ ಬೆಲೆಗೆ ದೊರೆಯುವುದೇನು ಎಂಬುದನ್ನು ತಿಳಿಸಲಿ. ದೋಷವನ್ನು ತೋರುವಾಗ ಕಾರಣವನ್ನೂ ಹುಡುಕಲಿ. ನಗಿಸುವ ಆಸೆಯಿಂದ ಒಂದು ಮಾತನ್ನೂ ಹೆಚ್ಚಿಸದಿರಲಿ. ಗುಣವಿದ್ದರೆ ಹೇಳಲಿ, ಇಲ್ಲದಿದ್ದರೆ ಕಲ್ಪಿಸದಿರಲಿ.

ಕಳೆದ ಬೇಸಿಗೆಯಲ್ಲಿ ನಾನು ಆ ಡಿಸ್ಕನ್ನು ಮತ್ತೆ ಹೊರತೆಗೆದು ಪೂರ್ತಿ ಆಡಿದೆನು. ಕೊನೆಯ ಎರಡು ಘಟ್ಟಗಳ ಹಿನ್ನೆಲೆಯ ಚಿತ್ರಗಳು ನಿಜವಾಗಿಯೂ ಚೆಲುವಾಗಿದ್ದುವು. ಉಳಿದುದೆಲ್ಲ ಮೊದಲು ಕಂಡಂತೆಯೇ ಇದ್ದಿತು. ಹಾಗೆಯೇ ಬರೆದು ನನ್ನ ಮಿತ್ರನಿಗೆ ಕೊಟ್ಟೆನು. ಅವನು ಓದಿ, ಎರಡು ಕಡೆ ನಾನು ಮರೆತಿದ್ದ ತಪ್ಪುಗಳನ್ನು ಅಂಚಿನಲ್ಲಿ ಬರೆದು ಹಿಂದಿರುಗಿಸಿದನು. ಅವನು ಕಳೆದುಕೊಂಡ ಹಣವು ಅದರಿಂದ ಮರಳಲಿಲ್ಲ. ಆದರೆ ಆ ಪುಟವು ಈಗ ನಮ್ಮ ಕೈಬರಹದ ಪತ್ರಿಕೆಯಲ್ಲಿ ಮೊದಲಿನ ಪುಟದ ಎದುರಿಗೇ ಅಂಟಿಸಲ್ಪಟ್ಟಿದೆ. ಮುಂದೆ ಆ ಆಟವನ್ನು ಕೊಳ್ಳಹೋಗುವವನು ಎರಡನ್ನೂ ಓದಬಹುದು. ಈ ಲೇಖನವನ್ನೂ ವಾಚಕರು ಅದೇ ಕಣ್ಣಿನಿಂದ ನೋಡಿ, ತಪ್ಪುಗಳಿದ್ದರೆ ದಾಕ್ಷಿಣ್ಯವಿಲ್ಲದೆ ತಿಳಿಸಬೇಕೆಂದು ಕೋರುತ್ತೇನೆ.