ಪಾಠ ಯೋಜನೆ ಬರೆಯಲು ಯಂತ್ರ ಬಂತು, ಪಾಠ ಮಾಡಲು ಯಾರಿದ್ದಾರೆ?

ಪಾಠ ಯೋಜನೆ ಬರೆಯಲು ಸರಕಾರಿ ಶಾಲೆಯ ಶಿಕ್ಷಕರು ಇನ್ನು ಮುಂದೆ ರಾತ್ರಿ ನಿದ್ದೆಗೆಡಬೇಕಾಗಿಲ್ಲವಂತೆ. ತರಗತಿ ಯಾವುದು, ವಿಷಯ ಯಾವುದು, ಘಟಕ ಯಾವುದು ಎಂದು ತಿಳಿಸಿದರೆ ಸಾಕು. ಕಲಿಕಾ ಫಲ, ಚಟುವಟಿಕೆ, ಮೌಲ್ಯಮಾಪನದ ಪ್ರಶ್ನೆ ಎಲ್ಲವನ್ನೂ ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಕ್ಷಣಾರ್ಧದಲ್ಲಿ ಜೋಡಿಸಿ ಕೊಡುತ್ತದೆ. ಕರ್ನಾಟಕದ ಮಟ್ಟಿಗೆ ಇದು ಭವಿಷ್ಯದ ಕನಸೇನೂ ಅಲ್ಲ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾವು ಶಿಕ್ಷಣ ಫೌಂಡೇಷನ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗೂಡಿ ರೂಪಿಸಿದ 'ಶಿಕ್ಷಾ ಕೋಪೈಲಟ್' 2023ರಲ್ಲೇ ಬೆಂಗಳೂರಿನ ಸುತ್ತಮುತ್ತಲ ಸರಕಾರಿ ಶಾಲೆಗಳಲ್ಲಿ ಪ್ರಯೋಗಕ್ಕೆ ಬಂತು. ಆ ಬಳಿಕ ರಾಜ್ಯದ 1,043 ಶಿಕ್ಷಕರನ್ನೂ, ಯಂತ್ರ ಬರೆದುದನ್ನು ತಿದ್ದಿ ತೀಡುವ 23 ಮಂದಿ ತಜ್ಞರನ್ನೂ ಒಳಗೊಂಡ ವಿಸ್ತೃತ ಅಧ್ಯಯನವೂ ನಡೆದಿದೆ.

ಆ ಅಧ್ಯಯನದ ಒಂದು ಭಾಗ ಸಂತಸಪಡುವಂಥದ್ದು. ಪಾಠ ಯೋಜನೆಗೆ ತಗಲುವ ಸಮಯ ಕಡಿಮೆಯಾಯಿತು, ಶಿಕ್ಷಕರ ಮನಸ್ಸಿನ ಒತ್ತಡ ತಗ್ಗಿತು, ಚಟುವಟಿಕೆ ಆಧಾರಿತ ಬೋಧನೆಯತ್ತ ಒಲವು ಹೆಚ್ಚಿತು ಎಂದು ಅದು ಹೇಳುತ್ತದೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಮ್ಮನ್ನು ತಡೆದು ನಿಲ್ಲಿಸಿದ್ದು ಅದರ ಇನ್ನೊಂದು ಭಾಗ. ಶಿಕ್ಷಕರು ಈ ತಂತ್ರಾಂಶವನ್ನು ಬೋಧನೆಗಾಗಿ ಬಳಸಿದಂತೆಯೇ ಇಲಾಖೆಗೆ ಒಪ್ಪಿಸಬೇಕಾದ ದಾಖಲೆಗಳನ್ನು ಸಿದ್ಧಪಡಿಸಲಿಕ್ಕೂ ಬಳಸಿದ್ದಾರೆ. ಶಿಕ್ಷಕರ ಕೊರತೆ ಮತ್ತು ಆಡಳಿತಾತ್ಮಕ ಕೆಲಸದ ಹೊರೆಯಿಂದಾಗಿ ಬೋಧನೆಯಲ್ಲಿ ಇನ್ನೂ ದೊಡ್ಡ ಬದಲಾವಣೆ ಸಾಧ್ಯವಾಗಲಿಲ್ಲ ಎಂಬುದನ್ನೂ ಅಧ್ಯಯನವೇ ಒಪ್ಪಿಕೊಂಡಿದೆ. ಯಂತ್ರವನ್ನು ರೂಪಿಸಿದವರೇ ಇಷ್ಟು ಪ್ರಾಮಾಣಿಕವಾಗಿ ಹೇಳಿರುವಾಗ ನಮ್ಮ ಆಡಳಿತಗಾರರಿಗೆ ಅದು ಕೇಳಿಸದಿರುವುದೇಕೆ?

ಪಾಠ ಯೋಜನೆಯೆಂಬುದು ನಮ್ಮ ಶಾಲೆಗಳಲ್ಲಿ ಏನಾಗಿಬಿಟ್ಟಿದೆ ಎಂಬುದನ್ನು ಮೊದಲು ನೋಡಬೇಕಾಗಿದೆ. ನಾಳೆ ಮಕ್ಕಳ ಮುಂದೆ ನಿಂತು ಏನನ್ನು, ಹೇಗೆ ಹೇಳಲಿ ಎಂದು ಇಂದು ಯೋಚಿಸುವುದೇ ಅದರ ಮೂಲ ಉದ್ದೇಶ. ಆದರೆ ಅದು ಮುಖ್ಯೋಪಾಧ್ಯಾಯರ ಸಹಿಗಾಗಿ, ಸಿ.ಆರ್.ಪಿ.ಯವರ ಭೇಟಿಗಾಗಿ, ಕ್ಷೇತ್ರ ಶಿಕ್ಷಣಾಧಿಕಾರಿಗಳು ದಿಢೀರನೆ ಬಂದರೆ ತೋರಿಸುವುದಕ್ಕಾಗಿ ತುಂಬಿಸುವ ಕಡತವಾಗಿ ಪರಿಣಮಿಸಿದೆ. ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂದು ಐದು ಹಂತಗಳ ಕೋಷ್ಟಕ ಗೀಚಿ, ಕಳೆದ ವರ್ಷದ ಪುಸ್ತಕದಿಂದ ಈ ವರ್ಷದ ಪುಸ್ತಕಕ್ಕೆ ಇಳಿಸುವವರ ಸಂಖ್ಯೆ ಸಣ್ಣದೇನಲ್ಲ. ಬರೆದವರಿಗೆ ಅದರಲ್ಲಿ ನಂಬಿಕೆಯಿಲ್ಲ, ಸಹಿ ಹಾಕುವವರಿಗೆ ಓದುವ ವ್ಯವಧಾನವಿಲ್ಲ. ಇಂಥದೊಂದು ಕಾಗದವನ್ನು ಯಂತ್ರವೊಂದು ಒಂದೆರಡು ನಿಮಿಷಗಳಲ್ಲಿ ಬರೆದುಕೊಡುತ್ತದೆಂದಾದರೆ ವಿವೇಕವುಳ್ಳ ಆಡಳಿತವು ಯಾವ ತೀರ್ಮಾನಕ್ಕೆ ಬರಬೇಕಿತ್ತು? ಈ ಕಾಗದವೇ ಅನಗತ್ಯ ಎಂಬ ತೀರ್ಮಾನಕ್ಕಲ್ಲವೇ? ಆದರೆ ನಾವು ಕಾಗದವನ್ನು ಉಳಿಸಿಕೊಂಡು ಅದನ್ನು ಬರೆಯಲೊಂದು ಯಂತ್ರವನ್ನು ತಂದಿದ್ದೇವೆ. ನಾಳೆ ಅದನ್ನು ಓದಿ ಸಹಿ ಹಾಕಲು ಮೇಲಧಿಕಾರಿಯ ಮೇಜಿಗೂ ಇನ್ನೊಂದು ಯಂತ್ರ ಬಂದರೆ ಅಚ್ಚರಿಪಡಬೇಕಾಗಿಲ್ಲ. ಆಗ ಯಂತ್ರ ಬರೆದುದನ್ನು ಯಂತ್ರ ಓದುತ್ತದೆ, ಮಕ್ಕಳು ಅಂಗಳದಲ್ಲಿರುತ್ತಾರೆ.

ಅಂದಹಾಗೆ, ಮದ್ರಸಗಳ ದರ್ಸೆ ನಿಜಾಮಿ ಪದ್ಧತಿಯಲ್ಲಿ 'ಮುತಾಲಅ' ಎಂಬುದೊಂದಿದೆ. ನಾಳೆಯ ಪಾಠವನ್ನು ಇಂದೇ ಓದಿ, ಕಠಿಣ ಪದಗಳ ಅರ್ಥ ಹುಡುಕಿ, ಎಲ್ಲಿ ಪ್ರಶ್ನೆ ಏಳಬಹುದೆಂದು ಯೋಚಿಸಿಕೊಂಡು ಬರುವುದು. ಕಲಿಸುವವರಿಗೂ ಕಲಿಯುವವರಿಗೂ ಇದು ಕಡ್ಡಾಯ. ಅದಕ್ಕೆ ಕಡತವಿಲ್ಲ, ಸಹಿಯಿಲ್ಲ. ಉಸ್ತಾದರು ಮುತಾಲಅ ಮಾಡಿದ್ದಾರೋ ಇಲ್ಲವೋ ಎಂಬುದು ಎರಡನೇ ಪ್ರಶ್ನೆಗೇ ವಿದ್ಯಾರ್ಥಿಗೆ ಗೊತ್ತಾಗಿಬಿಡುತ್ತದೆ. ಆ ಪದ್ಧತಿಯಲ್ಲಿ ಸುಧಾರಿಸಬೇಕಾದುದು ಬಹಳಷ್ಟಿದೆ, ಈ ಪುಟಗಳ ಓದುಗರಿಗೆ ಅದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಸಿದ್ಧತೆಯನ್ನೂ ಸಿದ್ಧತೆಯ ದಾಖಲೆಯನ್ನೂ ಒಂದೇ ಎಂದು ಅದು ಎಂದೂ ಭಾವಿಸಿಲ್ಲ.

ಶಿಕ್ಷಕರಿಗೆ ಸಿದ್ಧತೆಗೆ ಸಮಯ ಸಿಗುತ್ತಿಲ್ಲವೆಂಬುದು ನಿಜ. ಆ ಸಮಯವನ್ನು ಕಸಿದುಕೊಂಡವರು ಯಾರು? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಿಕ್ಷಕರ ಕೆಲಸದ ಅವಧಿಯನ್ನು ವಾರಕ್ಕೆ ಕನಿಷ್ಠ 45 ಗಂಟೆ ಎಂದು ನಿಗದಿಪಡಿಸಿದೆ; ಪಾಠದ ಪೂರ್ವಸಿದ್ಧತೆಯೂ ಆ 45 ಗಂಟೆಗಳೊಳಗೇ ಸೇರಿದೆ. ಅಂದರೆ ಸಿದ್ಧತೆಯೆಂಬುದು ಶಿಕ್ಷಕರು ಮನೆಯಲ್ಲಿ ಮಾಡುವ ಪುಕ್ಕಟೆ ಸೇವೆಯಲ್ಲ, ಕಾನೂನು ಒಪ್ಪಿದ ಕೆಲಸ. ಅದೇ ಕಾಯಿದೆಯ 27ನೇ ಕಲಮು ಹತ್ತು ವರ್ಷಗಳ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕರ್ತವ್ಯಗಳ ಹೊರತು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದೆಂದು ಹೇಳುತ್ತದೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದವರಲ್ಲಿ ಬಹುಪಾಲು ಮಂದಿ ಯಾರು? ಸರಕಾರಿ ಶಾಲಾ ಶಿಕ್ಷಕರೇ. ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರ ವರೆಗೆ ವಿಸ್ತರಿಸಲಾಯಿತು. ಆ ಸಮೀಕ್ಷೆಯನ್ನು ನಾವು ವಿರೋಧಿಸುತ್ತಿಲ್ಲ, ಹಿಂದುಳಿದ ಸಮುದಾಯಗಳಿಗೆ ಅದರ ಅಗತ್ಯವಿದೆ. ಆದರೆ ಎಣಿಸಲು ನಿರುದ್ಯೋಗಿ ಪದವೀಧರರು ರಾಜ್ಯದಲ್ಲಿ ಇರಲಿಲ್ಲವೇ? ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ಲೆಕ್ಕ, ವಿದ್ಯಾರ್ಥಿಗಳ ವಿವರವನ್ನು ಆನ್‌ಲೈನ್‌ಗೆ ಏರಿಸುವ ಕೆಲಸ - ಇವುಗಳ ಮಾತು ಬೇರೆಯೇ ಇದೆ. ಸಮಯವನ್ನು ಹೀಗೆ ಕಸಿದುಕೊಂಡವರೇ ಈಗ ಸಮಯ ಉಳಿಸುವ ಯಂತ್ರದ ಬಗ್ಗೆ ಭಾಷಣ ಮಾಡುವುದು ವಿಪರ್ಯಾಸವಲ್ಲದೆ ಇನ್ನೇನು?

ಇನ್ನು ಶಿಕ್ಷಕರ ಕೊರತೆ. ಪ್ರಾಥಮಿಕ ಶಾಲೆಯಲ್ಲಿ 60ರ ವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರಿರಬೇಕೆಂದು ಅದೇ ಅನುಸೂಚಿ ಹೇಳುತ್ತದೆ. ಆದರೂ ಏಕೋಪಾಧ್ಯಾಯ ಶಾಲೆಗಳು ಇಂದಿಗೂ ರಾಜ್ಯದಲ್ಲಿವೆ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬಿಸಿ, ಶೈಕ್ಷಣಿಕ ವರ್ಷ ಮುಗಿಯುತ್ತಲೇ ಕೈಬಿಡುವ ಪದ್ಧತಿ ವರ್ಷಗಳಿಂದ ನಡೆದು ಬಂದಿದೆ. ನಾಲ್ಕನೇ ತರಗತಿಗೂ ಐದನೇ ತರಗತಿಗೂ ಒಂದೇ ಕೋಣೆಯಲ್ಲಿ ಒಬ್ಬರೇ ಪಾಠ ಮಾಡುವಲ್ಲಿ ಭಿನ್ನರಾಶಿಯ ಕುರಿತ ಅತ್ಯುತ್ತಮ ಯೋಜನೆಯೊಂದು ಮೇಜಿನ ಮೇಲಿದ್ದರೆ ಆಗುವುದೇನು? ದಶಕ ಎರವಲು ಪಡೆದು ಕಳೆಯುವ ಲೆಕ್ಕವೇ ಇನ್ನೂ ಬಾರದ ಹುಡುಗಿ ಯಾವ ಸಾಲಿನಲ್ಲಿ ಕೂತಿದ್ದಾಳೆಂದು ಆ ಯೋಜನೆಗೆ ಗೊತ್ತಿಲ್ಲ. ಶಿಕ್ಷಕರಿಗೆ ಗೊತ್ತಿದೆ. ಆದರೆ ಅವಳ ಬಳಿ ಕೂರಲು ಅವರಿಗೆ ಹತ್ತು ನಿಮಿಷ ಸಿಗುವುದಿಲ್ಲ. ಯಂತ್ರವು ತಪ್ಪು ಮಾಹಿತಿ ನೀಡೀತು ಎಂಬುದು ನಮ್ಮ ಮುಖ್ಯ ತಕರಾರಲ್ಲ, ತಪ್ಪನ್ನು ತಿದ್ದಬಹುದು. ಇಲ್ಲದ ಶಿಕ್ಷಕರನ್ನು ಯಾವ ತಂತ್ರಾಂಶ ತುಂಬಿಕೊಡುತ್ತದೆ?

ಚಟುವಟಿಕೆ ಆಧಾರಿತ ಕಲಿಕೆಯನ್ನು ಯಂತ್ರದಿಂದಲೇ ಕಲಿಯಬೇಕೆಂಬಂತೆ ಮಾತನಾಡುವವರು ಕರ್ನಾಟಕದ ಚರಿತ್ರೆಯನ್ನು ಮರೆತಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, ಕಾರ್ಡುಗಳನ್ನೂ ಹಾಡುಗಳನ್ನೂ ತಾವೇ ಸಿದ್ಧಪಡಿಸಿ, ವಿವಿಧ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರಿಸಿ ಕಲಿಸುವ 'ನಲಿ ಕಲಿ'ಯನ್ನು ಕಟ್ಟಿದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಅದರ ಏಳುಬೀಳುಗಳ ಚರ್ಚೆ ಇಲ್ಲಿ ಬೇಡ. ಒಂದು ತಾಲೂಕಿನ ಶಿಕ್ಷಕರಿಗೆ ಪರಸ್ಪರ ಕೂತು ಮಾತನಾಡಲು ಅವಕಾಶ ಸಿಕ್ಕಿದಾಗ ಹುಟ್ಟಿದ ಫಲ ಅದು ಎಂಬುದಷ್ಟೇ ನಮಗೆ ಮುಖ್ಯ.

ಹಾಗೆಂದು ಈ ತಂತ್ರಾಂಶವನ್ನು ಕಸದ ಬುಟ್ಟಿಗೆ ಎಸೆಯಬೇಕೆಂದು ನಾವು ಹೇಳುತ್ತಿಲ್ಲ. ವಿಜ್ಞಾನದ ಪ್ರಯೋಗವೊಂದಕ್ಕೆ ಊರಿನಲ್ಲೇ ಸಿಗುವ ವಸ್ತು ಯಾವುದೆಂದು ಕೇಳಲು ಪಕ್ಕದಲ್ಲಿ ಸಹೋದ್ಯೋಗಿಯೇ ಇಲ್ಲದ ಶಿಕ್ಷಕಿಗೆ ಅದು ಆಸರೆಯಾದೀತು. ಬೇಕೆಂದವರು ಬಳಸಲಿ. ಆದರೆ ಅಧ್ಯಯನ ವಿವರಿಸುವ ಪಾಠ ಯೋಜನೆಗಳು ಇಂಗ್ಲಿಷ್ ಮತ್ತು ಕನ್ನಡದಲ್ಲಿವೆ. ಉರ್ದು ಮಾಧ್ಯಮದ ಸರಕಾರಿ ಶಾಲೆಗಳ ಪಾಡೇನೆಂದು ಕೇಳುವವರು ಯಾರು? ಉಳಿದ ಸಮಯ ಯಾರ ಪಾಲಾಗುತ್ತದೆ ಎಂಬ ಪ್ರಶ್ನೆಯೂ ಇದೆ. ಖಾಸಗಿ ಆಡಳಿತ ಮಂಡಳಿಗಳಿಗೆ, ನಮ್ಮ ಸಮುದಾಯದ ಟ್ರಸ್ಟುಗಳನ್ನೂ ಸೇರಿಸಿಯೇ ಹೇಳುತ್ತೇವೆ, ಇದರಲ್ಲಿ ದೊಡ್ಡ ಪ್ರಲೋಭನೆಯಿದೆ. 'ಟಿಪ್ಪಣಿ ಬರೆಯುವ ಕೆಲಸ ಹೇಗೂ ತಪ್ಪಿತಲ್ಲ, ಇನ್ನೆರಡು ಪೀರಿಯಡ್ ತೆಗೆದುಕೊಳ್ಳಿ' ಎಂದು ಅಲ್ಪ ಸಂಬಳದ ಶಿಕ್ಷಕಿಗೆ ಹೇಳುವುದು ಎಷ್ಟು ಸುಲಭ!

ಶಿಕ್ಷಣ ಇಲಾಖೆಗೆ ಇದರಲ್ಲಿ ನಿಜವಾದ ಆಸಕ್ತಿಯಿದ್ದರೆ ಒಂದು ಪ್ರಯೋಗ ಮಾಡಲಿ. ಜಿಲ್ಲೆಗೊಂದು ತಾಲೂಕನ್ನು ಆರಿಸಿ, ಅಲ್ಲಿ ಒಂದು ಶೈಕ್ಷಣಿಕ ವರ್ಷ ಪಾಠ ಯೋಜನೆಯ ಕಡತ ತಪಾಸಣೆಯನ್ನು ಸಂಪೂರ್ಣ ನಿಲ್ಲಿಸಲಿ. ಆ ತಾಲೂಕಿನ ಖಾಲಿ ಹುದ್ದೆಗಳನ್ನು ಖಾಯಂ ಶಿಕ್ಷಕರಿಂದ ತುಂಬಿಸಲಿ. ಭೇಟಿಗೆ ಬರುವ ಅಧಿಕಾರಿ ಕಚೇರಿ ಕೋಣೆಯಲ್ಲಿ ಕಡತ ತಿರುವುವ ಬದಲು ತರಗತಿಯ ಹಿಂದಿನ ಬೆಂಚಿನಲ್ಲಿ ನಲ್ವತ್ತು ನಿಮಿಷ ಕೂತು ಪಾಠ ಕೇಳಲಿ, ಮುಗಿದ ಮೇಲೆ ಶಿಕ್ಷಕರೊಂದಿಗೆ ಮಾತನಾಡಲಿ. ತಂತ್ರಾಂಶ ಬಳಸುವ ಇನ್ನೊಂದು ತಾಲೂಕಿನ ಮಕ್ಕಳ ಕಲಿಕೆಯೊಂದಿಗೆ ಈ ಮಕ್ಕಳ ಕಲಿಕೆಯನ್ನು ವರ್ಷಾಂತ್ಯದಲ್ಲಿ ಹೋಲಿಸಿ, ಫಲಿತಾಂಶ ಏನೇ ಇದ್ದರೂ ಪ್ರಕಟಿಸಲಿ. ಕಡತ ತಪಾಸಣೆ ನಿಲ್ಲಿಸಲು ಒಂದು ಸುತ್ತೋಲೆ ಸಾಕು. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನ ಅದನ್ನು ಹೊರಡಿಸಲು ಇಲಾಖೆಗೆ ಇರುವ ಅಡ್ಡಿಯೇನು?