ದಾಸ್ತಾನಿನ ಹೊರೆ ಯಾರ ತಲೆಯ ಮೇಲೆ?

ಹೊಲದಿಂದ ಒಲೆಯವರೆಗೆ, ಗಣಿಯಿಂದ ಗಾಡಿಯವರೆಗೆ ಒಂದು ಸರಕು ಸಾಗಿಬರುವ ದಾರಿಗೆ ವ್ಯಾಪಾರಶಾಸ್ತ್ರಜ್ಞರು ‘ಪೂರೈಕೆ ಸರಪಳಿ’ ಎಂದು ಹೆಸರಿಟ್ಟಿದ್ದಾರೆ. ಆ ಸರಪಳಿಯ ‘ನಿರ್ವಹಣೆ’ ಎಂಬ ಮಾತನ್ನು 1982ರಲ್ಲಿ ಕೀತ್ ಆಲಿವರ್ ಎಂಬ ವ್ಯಾಪಾರ ಸಲಹೆಗಾರ ಬಳಕೆಗೆ ತಂದ. ಹೆಸರು ಹೊಸದು, ಸಂಗತಿ ಹಳೆಯದು. ನಮ್ಮ ಬಯಲುಸೀಮೆಯ ರೈತ ಹಗೇವು ತೋಡಿ ರಾಗಿ, ಜೋಳ ತುಂಬಿಟ್ಟು ಬರಗಾಲವನ್ನು ಎದುರಿಸಿದಾಗ ಮಾಡಿದ್ದೂ ಇದನ್ನೇ. ಬೆಳೆಯುವ ಕಾಲಕ್ಕೂ ಉಣ್ಣುವ ಕಾಲಕ್ಕೂ ನಡುವೆ ಅಂತರವಿದೆ. ಆ ಅಂತರವನ್ನು ತುಂಬುವುದೇ ದಾಸ್ತಾನು. ಆ ದಾಸ್ತಾನನ್ನು ಇಟ್ಟುಕೊಳ್ಳುವವರು ಯಾರು, ಅದರ ಖರ್ಚು ಯಾರದು, ಕೆಟ್ಟುಹೋದರೆ ನಷ್ಟ ಯಾರದು ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ನೋಡಿದರೆ ಈ ಶಾಸ್ತ್ರದ ಒಳಹುರುಳು ಯಾರಿಗಾದರೂ ತಿಳಿದೀತು.

ಮೊದಲು ಮೋಟಾರು ಉದ್ಯಮವನ್ನು ನೋಡೋಣ. ಎರಡನೆಯ ಮಹಾಯುದ್ಧದ ನಂತರ ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ಎಂಬ ಎಂಜಿನಿಯರು ಹೊಸ ಪದ್ಧತಿಯೊಂದನ್ನು ಬೆಳೆಸಿದ. ಬಿಡಿಭಾಗಗಳನ್ನು ಉಗ್ರಾಣದಲ್ಲಿ ಗುಡ್ಡೆ ಹಾಕಬಾರದು. ಬೇಕಾದದ್ದು, ಬೇಕಾದಷ್ಟು, ಬೇಕಾದ ಹೊತ್ತಿಗೆ ಬಂದು ಸೇರಬೇಕು. ಪ್ರತಿ ಪೆಟ್ಟಿಗೆಯೊಡನೆ ಒಂದು ಚೀಟಿ. ಪೆಟ್ಟಿಗೆ ಬರಿದಾದಾಗ ಚೀಟಿ ಹಿಂದಿನವನ ಬಳಿಗೆ ಹೋಗುತ್ತದೆ. ಆಗಷ್ಟೇ ಅವನು ಮುಂದಿನ ಪೆಟ್ಟಿಗೆ ತುಂಬುತ್ತಾನೆ. ಇದರಿಂದ ಬಂಡವಾಳ ಸುಮ್ಮನೆ ಕಟ್ಟಿಬೀಳುವುದಿಲ್ಲ, ತಪ್ಪು ಬೇಗ ಬೆಳಕಿಗೆ ಬರುತ್ತದೆ. ನಮ್ಮ ಬಿಡದಿಯಲ್ಲಿಯೂ ಈ ಕಂಪನಿಯ ಕಾರ್ಖಾನೆಯಿದೆ. ಈ ಪದ್ಧತಿಯಲ್ಲಿ ವಿವೇಕವಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಮುಂದಿನ ಕಥೆಯನ್ನೂ ಕೇಳಬೇಕು. 1997ರ ಫೆಬ್ರವರಿ 1ರಂದು ಟೊಯೊಟಾಕ್ಕೆ ಬ್ರೇಕಿನ ಒಂದು ಸಣ್ಣ ಕವಾಟವನ್ನು ಒದಗಿಸುತ್ತಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಕೈಯಲ್ಲಿ ದಾಸ್ತಾನಿರಲಿಲ್ಲ. ಕೆಲವೇ ದಿನಗಳಲ್ಲಿ ಜಪಾನಿನಲ್ಲಿದ್ದ ಟೊಯೊಟಾ ಕಾರ್ಖಾನೆಗಳು ಬಹುಮಟ್ಟಿಗೆ ನಿಂತುಹೋದವು. ಆಗ ಅದನ್ನು ಉಳಿಸಿದ್ದು ಯಾವ ಸೂತ್ರವೂ ಅಲ್ಲ. ಆ ಕವಾಟವನ್ನು ಎಂದೂ ಮಾಡಿರದ ಎಷ್ಟೋ ಸಣ್ಣ ದೊಡ್ಡ ಕಾರ್ಖಾನೆಗಳು ಮುಂದೆ ಬಂದು ಹಗಲಿರುಳು ದುಡಿದು ಅದನ್ನು ತಯಾರಿಸಿಕೊಟ್ಟವು. ಮುಂದೆ 2011ರ ಮಾರ್ಚ್ 11ರ ಭೂಕಂಪದ ನಂತರ ಟೊಯೊಟಾ ಕಂಪನಿಯೇ ತನ್ನ ಪಾಠವನ್ನು ತಿದ್ದಿಕೊಂಡು, ಚಿಪ್ಪುಗಳನ್ನು ತಿಂಗಳುಗಟ್ಟಲೆ ಸಾಲುವಷ್ಟು ಕೂಡಿಡುವಂತೆ ಪೂರೈಕೆದಾರರಿಗೆ ಹೇಳಿತು. 2021ರಲ್ಲಿ ಲೋಕಕ್ಕೆಲ್ಲ ಚಿಪ್ಪಿನ ಬರ ಬಂದು ಬೇರೆ ಕಂಪನಿಗಳು ಬಾಗಿಲು ಹಾಕಿದಾಗ, ಮೊದಲ ಕೆಲವು ತಿಂಗಳು ಅದರ ಗಾಡಿಗಳು ಹೊರಬರುತ್ತಲೇ ಇದ್ದವು.

ದಾಸ್ತಾನು ಮಾಯವಾಗುವ ವಸ್ತುವಲ್ಲ ಎಂಬುದೇ ಇದರಿಂದ ಕಲಿಯಬೇಕಾದ ಪಾಠ. ದೊಡ್ಡವನು ಇಡದಿದ್ದರೆ ಸಣ್ಣವನು ಇಡಬೇಕು. ಪೀಣ್ಯದ ಲೇತ್ ಯಂತ್ರದವನು ತನ್ನ ಶೆಡ್ಡಿನಲ್ಲಿ ಸರಕು ತುಂಬಿಕೊಂಡು, ಸಾಲಕ್ಕೆ ಬಡ್ಡಿ ಕಟ್ಟಿಕೊಂಡು, ದೊಡ್ಡ ಕಂಪನಿಯ ಫೋನಿಗಾಗಿ ಕಾಯುತ್ತಾನೆ. ಸರಕು ಕೊಟ್ಟ ಮೇಲೆ ಹಣಕ್ಕಾಗಿಯೂ ಕಾಯುತ್ತಾನೆ. ಸಣ್ಣ ಕೈಗಾರಿಕೆಗಳಿಗೆ 45 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ಚಕ್ರಬಡ್ಡಿ ತೆರಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಆದರೆ ಮುಂದಿನ ಆರ್ಡರು ಕೈತಪ್ಪೀತೆಂಬ ಅಂಜಿಕೆಯಲ್ಲಿರುವವನು ದೂರು ಕೊಡುವುದೆಂತು?

ಸಿದ್ಧ ಉಡುಪಿನ ಉದ್ಯಮದಲ್ಲಿ ಈ ಹೊರೆ ಇನ್ನೂ ಕೆಳಕ್ಕೆ ಜಾರುತ್ತದೆ. ಯೂರೋಪು ಅಮೆರಿಕಗಳ ಅಂಗಡಿ ದಿನಾಂಕ ಗೊತ್ತುಮಾಡುತ್ತದೆ, ಬೆಲೆಯನ್ನೂ ಗೊತ್ತುಮಾಡುತ್ತದೆ. ನಡುವೆ ಉಳಿಯುವುದು ಹೊಲಿಯುವ ಹೆಂಗಸಿನ ಹೊತ್ತು ಮತ್ತು ಬೆನ್ನು ಮಾತ್ರ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವರಿನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಪ್ರಾಣ ಬಿಟ್ಟರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿತ್ತು; ಹೊಲಿಗೆಯವರನ್ನು ಮಾತ್ರ ಒಳಗೆ ಕರೆಸಿದರು. 2020ರಲ್ಲಿ ಕೋವಿಡ್ ಬಂದಾಗ ಬಾಂಗ್ಲಾದೇಶವೊಂದರಲ್ಲೇ ಸುಮಾರು ಮುನ್ನೂರು ಕೋಟಿ ಡಾಲರಿನ ಆರ್ಡರುಗಳನ್ನು ಖರೀದಿದಾರರು ರದ್ದು ಮಾಡಿದರು ಇಲ್ಲವೆ ತಡೆಹಿಡಿದರು. ಕೆಲವು ಕಡೆ ಬಟ್ಟೆ ಕತ್ತರಿಸಿಯೂ ಆಗಿತ್ತು, ಹೊಲಿದೂ ಆಗಿತ್ತು.

ದೂರದ ಮಾತೇಕೆ? ಅದೇ ವರ್ಷದ ಏಪ್ರಿಲಿನಿಂದ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರಿಗೆ ಸಲ್ಲಬೇಕಾಗಿದ್ದ, ತಿಂಗಳಿಗೆ 417 ರೂಪಾಯಿಯ ತುಟ್ಟಿಭತ್ಯದ ಏರಿಕೆಯನ್ನು ಅನೇಕ ಮಾಲೀಕರು ಕೊಡದೆ ಉಳಿಸಿಕೊಂಡರು. ಸಂಘಗಳು ಹೋರಾಡಿ, ವಿದೇಶಿ ಖರೀದಿದಾರರ ಮೇಲೂ ಒತ್ತಡ ಬಿದ್ದ ಮೇಲೆ, 2022ರ ಹೊತ್ತಿಗೆ ಬಾಕಿ ಕೈಸೇರತೊಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ತರಕಾರಿಯ ಸರಪಳಿಯಂತೂ ಎಲ್ಲರ ಕಣ್ಣೆದುರಿಗಿದೆ. ಕೋಲಾರದ ಮಂಡಿಯಲ್ಲಿ 15 ಕಿಲೋ ಟೊಮೆಟೊ ಪೆಟ್ಟಿಗೆ 2023ರ ಜುಲೈನಲ್ಲಿ ಎರಡು ಸಾವಿರ ರೂಪಾಯಿ ದಾಟಿತು. ಬೆಲೆ ಬಿದ್ದ ದಿನಗಳಲ್ಲಿ ಅದೇ ಹಣ್ಣನ್ನು ರೈತ ರಸ್ತೆಗೆ ಸುರಿದುಹೋಗುತ್ತಾನೆ. ಟೊಮೆಟೊ ಕೊಳ್ಳುವವನು ಕೊಟ್ಟ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಸೇರುವುದು ಸುಮಾರು 33 ಪೈಸೆ ಎಂದು ರಿಸರ್ವ್ ಬ್ಯಾಂಕು 2024ರಲ್ಲಿ ಹೊರತಂದ ಅಧ್ಯಯನ ಹೇಳಿತು. ಈರುಳ್ಳಿಗೆ 36, ಆಲೂಗೆಡ್ಡೆಗೆ 37. ಇದರ ಪಾಪವೆಲ್ಲ ದಲ್ಲಾಳಿಯದೇ ಎಂದುಬಿಡುವುದು ಸುಲಭ, ಆದರೆ ಪೂರ್ತಿ ಸತ್ಯವಲ್ಲ. ಮೂರು ದಿನ ಕಾಯಬಲ್ಲವನು ಬೆಲೆ ಹೇಳುತ್ತಾನೆ, ಕಾಯಲಾರದವನು ಕೇಳಿಕೊಳ್ಳುತ್ತಾನೆ. ಶೀತಗೃಹವಿಲ್ಲದ, ಹಣ್ಣನ್ನು ಸಂಸ್ಕರಿಸುವ ಸಾಧನವಿಲ್ಲದ ರೈತನಿಗೆ ಆ ಮೂರು ದಿನ ಎಲ್ಲಿಂದ ಬರಬೇಕು?

ಹಾಗಾದರೆ ಬೇರೆ ದಾರಿಯೇ ಇಲ್ಲವೇ? ಇದೆ, ಮತ್ತು ಅದು ನಮ್ಮ ದೇಶದಲ್ಲೇ ಇದೆ. ಟೊಮೆಟೊಗಿಂತ ಬೇಗ ಕೆಡುವ ವಸ್ತು ಹಾಲು. ಆಗಿನ ಮುಂಬಯಿ ಪ್ರಾಂತ್ಯದ ಖೇಡಾ ಜಿಲ್ಲೆಯ ಹೈನುಗಾರರು 1946ರಲ್ಲಿ ತ್ರಿಭುವನದಾಸ ಪಟೇಲರ ನೇತೃತ್ವದಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಹಾಲು ಕರೆಯುತ್ತವೆ, ಮುಂಬಯಿ ನಗರ ಅಷ್ಟನ್ನೂ ಕೊಳ್ಳದು. ಮಿಕ್ಕದ್ದನ್ನು ಚೆಲ್ಲುವ ಬದಲು ಪುಡಿ ಮಾಡಲು 1955ರಲ್ಲಿ ಆನಂದದಲ್ಲಿ ಕಾರ್ಖಾನೆ ಎದ್ದಿತು. ಅಂದರೆ ದಾಸ್ತಾನು ಮತ್ತು ಅದರ ಯಂತ್ರ ಎರಡೂ ಹಾಲು ಕರೆಯುವವರ ಸ್ವಂತದ್ದಾದವು. ಕರ್ನಾಟಕದಲ್ಲಿಯೂ 1974ರಿಂದೀಚೆಗೆ ಇದೇ ಮಾದರಿ ಬೆಳೆದು ನಂದಿನಿಯಾಯಿತು. ದಿನಕ್ಕೆರಡು ಬಾರಿ ಹಳ್ಳಿಯ ಸಂಘದ ಮುಂದೆ ಕ್ಯಾನು ಹಿಡಿದು ನಿಲ್ಲುವ ಹೆಂಗಸಿಗೆ ‘ಇಂದು ಹಾಲು ಬೇಡ’ ಎನ್ನುವ ಪದ್ಧತಿ ಅಲ್ಲಿಲ್ಲ. ಹೆಚ್ಚಾದ ಹಾಲಿನ ಪುಡಿ 2013ರ ಆಗಸ್ಟಿನಿಂದ ಕ್ಷೀರಭಾಗ್ಯವಾಗಿ ಶಾಲೆಯ ಮಕ್ಕಳ ಲೋಟಕ್ಕೆ ಬಂತು. ಸಹಕಾರ ಸಂಘಗಳಲ್ಲಿ ರಾಜಕೀಯದವರ ಹಿಡಿತ, ದುಂದುವೆಚ್ಚ ಇಲ್ಲವೆಂದು ನಾವು ಹೇಳುವುದಿಲ್ಲ. ಅವನ್ನು ತಿದ್ದಬಹುದು, ಏಕೆಂದರೆ ಅಲ್ಲಿ ಹಾಲು ಹಾಕುವವಳಿಗೆ ಓಟಿದೆ. ಖಾಸಗಿ ಕಂಪನಿಯ ಸರಪಳಿಯಲ್ಲಿ ಅವಳಿಗೆ ಓಟಿಲ್ಲ.

ಧಾನ್ಯದ ಮಾತೂ ಹೀಗೆಯೇ. 1965ರಲ್ಲಿ ಹುಟ್ಟಿದ ಭಾರತ ಆಹಾರ ನಿಗಮದ ಗೋದಾಮುಗಳನ್ನು ದಂಡದ ಖರ್ಚೆಂದು ಹೀಯಾಳಿಸಿದ ಪಂಡಿತರು ಒಬ್ಬಿಬ್ಬರಲ್ಲ. ಅಲ್ಲಿ ಕಾಳು ಮುಗ್ಗಿದ್ದು, ಇಲಿ ತಿಂದದ್ದು ಸುಳ್ಳಲ್ಲ, ಅದನ್ನು ಕ್ಷಮಿಸಲಾಗದು. ಆದರೆ 2020ರ ಏಪ್ರಿಲಿನಲ್ಲಿ ದೇಶ ಸ್ತಬ್ಧವಾದಾಗ, ಗೊತ್ತುಪಡಿಸಿದ ಮಿತಿಯ ಎರಡು ಪಟ್ಟಿಗೂ ಮಿಕ್ಕಿ ಅಕ್ಕಿ ಗೋಧಿ ಆ ಗೋದಾಮುಗಳಲ್ಲಿದ್ದದ್ದರಿಂದಲೇ ಸುಮಾರು 80 ಕೋಟಿ ಜನರಿಗೆ ತಲೆಗೆ 5 ಕಿಲೋ ಧಾನ್ಯವನ್ನು ಪುಕ್ಕಟೆ ಕೊಡಲು ಸಾಧ್ಯವಾಯಿತು. ‘ಬೇಕಾದ ಹೊತ್ತಿಗೆ ಬೇಕಾದಷ್ಟು’ ಎಂಬ ಸೂತ್ರದ ಮೇಲೆ ಅನ್ನವನ್ನೂ ಬಿಟ್ಟಿದ್ದರೆ ಗತಿಯೇನಾಗುತ್ತಿತ್ತು?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಸಣ್ಣ ಕೈಗಾರಿಕೆಯವನು ದೂರು ಕೊಡಲೆಂದು ಕಾಯದೆ, 45 ದಿನ ಮೀರಿದ ಬಾಕಿಯನ್ನು ಸರ್ಕಾರವೇ ಲೆಕ್ಕ ತೆಗೆದು ವಸೂಲಿ ಮಾಡಿಸಬೇಕು. ಬಟ್ಟೆಗೆ ಕತ್ತರಿ ಬಿದ್ದ ಮೇಲೆ ಆರ್ಡರು ರದ್ದಾದರೆ ಹೊಲಿದವರ ಕೂಲಿಗೆ ಖರೀದಿದಾರನೇ ಹೊಣೆಯಾಗಬೇಕು. ತರಕಾರಿ ಮಂಡಿಗಳ ಪಕ್ಕದಲ್ಲಿ ಬೆಳೆಗಾರರ ಸಹಕಾರದ ಒಡೆತನದಲ್ಲಿ ಶೀತಗೃಹ ಮತ್ತು ಸಂಸ್ಕರಣ ಘಟಕಗಳು ಏಳಬೇಕು. ಸಾರ್ವಜನಿಕ ಗೋದಾಮುಗಳನ್ನು ದುರಸ್ತಿ ಮಾಡಬೇಕು, ಮುಚ್ಚಬಾರದು.

ಸರಪಳಿಯ ಬಲ ಅದರ ಅತ್ಯಂತ ಸಣಕಲು ಕೊಂಡಿಯಲ್ಲಿದೆ ಎಂಬುದನ್ನು ಬಾವಿಗೆ ಕೊಡ ಇಳಿಸುವವರೆಲ್ಲ ಬಲ್ಲರು. ಆ ಕೊಂಡಿಯ ಮೇಲೆಯೇ ಭಾರವನ್ನೆಲ್ಲ ನೇತುಹಾಕಿ, ಅದನ್ನು ನಿರ್ವಹಣೆಯೆಂದು ಕರೆಯುವುದು ಜಾಣತನವಲ್ಲ, ನ್ಯಾಯವೂ ಅಲ್ಲ.